ಅಣ್ಣನ ಎಂಜಿನ್ನಿನ ಕೀಲುಗಳು

ನಮ್ಮ ಓಣಿಯಲ್ಲಿ ಚಹಾದ ಕಪ್ಪು ಕೈಗೆ ಬಂದೊಡನೆ ಯಾರೂ ಅದನ್ನು ತುಟಿಗಿಡುವುದಿಲ್ಲ; ಮೊದಲು ಅದರ ಮೇಲೆ ಒಮ್ಮೆ ಮೆಲ್ಲಗೆ ಊದುತ್ತಾರೆ. ಪರವೂರಿನ ಬೀಗರು ಇದನ್ನು ಕಂಡು, ಬನಹಟ್ಟಿಯ ಮಂದಿಗೆ ಬಿಸಿ ತಡೆಯುವುದಿಲ್ಲವೆಂದು ನಗುವುದುಂಟು. ನಾವು ಊದುವುದು ಕೆನೆಯ ಮೇಲೆ ಬಂದು ಕೂತ ಹತ್ತಿಯ ಎಳೆಯೊಂದನ್ನು ಅಂಚಿಗೆ ಸರಿಸಲಿಕ್ಕೆ. ಪಾವರ್‌ಲೂಮುಗಳ ಊರಿನಲ್ಲಿ ಹುಟ್ಟಿದವರಿಗೆ ಈ ಎಳೆಗಳು ಜನ್ಮಕ್ಕಂಟಿದ ನೆಂಟರು. ರೊಟ್ಟಿಯ ಬುಟ್ಟಿಯಲ್ಲಿ, ದೇವರ ಜಗಲಿಯ ದೀಪದೆಣ್ಣೆಯಲ್ಲಿ, ಮಲಗಿದ ಕೂಸಿನ ರೆಪ್ಪೆಯ ಮೇಲೆ, ಎಲ್ಲೆಂದರಲ್ಲಿ ಹೇಳದೆ ಕೇಳದೆ ಬಂದು ಕೂರುತ್ತವೆ. ಅವುಗಳನ್ನು ಊರಿನಿಂದ ಓಡಿಸುವ ಹುಚ್ಚಿಗೆ ಯಾರೂ ಬೀಳುವುದಿಲ್ಲ, ಊದಿ ಕುಡಿಯುತ್ತೇವೆ.

ನನ್ನ ಕಸುಬೂ ಈ ಎಳೆಗಳೊಡನೆ ಮಾಡಿಕೊಂಡ ಒಂದು ರಾಜಿಯೇ. ನಮ್ಮದೊಂದು ಲೇತ್ ಅಂಗಡಿ. ಮಗ್ಗದ ಮುರಿದ, ಸವೆದ ಭಾಗಗಳನ್ನು ಹೊಸದಾಗಿ ಕಡೆದು ಕೊಡುವುದು ಕೆಲಸ. ಅಜ್ಜನವರೆಗೂ ಕುರಿ ಕಾಯ್ದ ಮನೆತನ, ಬೀರೇಶ್ವರನ ಒಕ್ಕಲು. ಕುರಿಯ ಉಣ್ಣೆ ಬಿಟ್ಟು ಉಕ್ಕಿಗೆ ಕೈ ಹಾಕಿದ ಮೊದಲಿಗ ನನ್ನ ಅಣ್ಣ ಬೀರಪ್ಪ, ಅವನ ಬೆನ್ನು ಹಿಡಿದು ಬಂದವನು ನಾನು, ಮಾಳಪ್ಪ. ಕೀಲಿಗೊಂದು ಪಿನ್ನು ಕಡೆಯುವುದನ್ನು ಅವನು ನನಗೆ ಕಲಿಸಿದ ದಿನ, ನಾನು ತೂತಿಗೆ ಸರಿಯಾಗಿ ಕೂರುವಂತೆ ಬಿಗಿಯಾದ ಪಿನ್ನು ಮಾಡಿ ಹೆಮ್ಮೆಯಿಂದ ತೋರಿಸಿದ್ದೆ. ಅವನು ಅದನ್ನು ನೋಡಿ ನಕ್ಕುಬಿಟ್ಟ.

"ಲೇ ಮಾಳ್ಯಾ, ಪಿನ್ನ ಉಸರಾಡಬೇಕಲೇ. ಇಷ್ಟ ಬಿಗಿ ಮಾಡಿದೆಂದ್ರ ನೂಲಿನ ಗಂಜಿ, ಹತ್ತಿ ಎಲ್ಲಾ ಕೂಡಿ ಹಿಡಕೊಂಡ ಮಗ್ಗ ನಿಂತಬಿಡತೈತಿ. ಒಂಚೂರ ಜಾಗಾ ಬಿಡು."

ಆ ಒಂಚೂರು ಜಾಗವನ್ನು ಬಿಡುತ್ತ ಬಿಡುತ್ತ ನನ್ನ ತಲೆ ನೆರೆಯಿತು. ಯಾವ ಅಳತೆಯ ಉಪಕರಣವೂ ಬೇಕಾಗಿರಲಿಲ್ಲ. ಪಿನ್ನನ್ನು ತೂತಿನೊಳಗಿಟ್ಟು ಬೆರಳಿನಿಂದ ಅಲ್ಲಾಡಿಸಿದರೆ ಸಾಕು, ಇಷ್ಟು ಅಲ್ಲಾಡಿದರೆ ಮಗ್ಗ ಓಡುತ್ತದೆ, ಇದಕ್ಕಿಂತ ಹೆಚ್ಚಾದರೆ ಕುಣಿಯುತ್ತದೆ ಎಂದು ಚರ್ಮವೇ ಹೇಳುತ್ತಿತ್ತು. ಮಗ್ಗದ ಕೀಲಿನ ಈ ಸಡಿಲು ನಮ್ಮ ಊರಿನ ಬದುಕಿಗೂ ಇಳಿದಿದೆಯೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಇಲ್ಲಿ 'ಬರ್ತೇನ್ರಿ' ಎಂದವನು ಬಂದೇ ಬರುತ್ತಾನೆಂದು ಯಾರೂ ಕಾಯುವುದಿಲ್ಲ, ಬಾರದಿದ್ದರೆ ಸಿಟ್ಟಾಗುವುದೂ ಇಲ್ಲ. ನಾನೂ ಅಣ್ಣನೂ ಒಂದೇ ಅಂಗಡಿಯಲ್ಲಿ ಒಂದು ಜನ್ಮವನ್ನೇ ಸವೆಸಿ, ಒಂದೇ ತಟ್ಟೆಯ ಚುರುಮುರಿ ತಿಂದು, ಜಗಳವಿಲ್ಲದೆ ಬಾಳಿದ್ದು ನಮ್ಮ ನಡುವಿನ ಕೀಲಿನಲ್ಲೂ ಯಾರೋ ಅಷ್ಟು ಜಾಗ ಬಿಟ್ಟಿದ್ದರಿಂದಲೇ ಇರಬೇಕು. ಬಿಗಿಯಾಗಿ ಕೂಡಿದ ಅಣ್ಣತಮ್ಮಂದಿರು ಬೇರೆಯಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಂಥ ಸಡಿಲಿನ ಮನುಷ್ಯನಾದ ಅಣ್ಣನಿಗೆ ಉಗಿ ಎಂಜಿನ್ನಿನ ಹುಚ್ಚು ಹೇಗೆ ಹಿಡಿಯಿತೆಂದು ಕೇಳುತ್ತೀರಾದರೆ, ಅದಕ್ಕೆ ನಮ್ಮ ಅಪ್ಪ ಕಾರಣ. ಕುರಿ ಮಾರಿ ಬಂದ ಮೇಲೆ ಅವನು ಕುಡಚಿ ಸ್ಟೇಷನ್ನಿನಿಂದ ನೂಲಿನ ಬೇಲು ತರುವ ಚಕ್ಕಡಿ ಹೊಡೆಯುತ್ತಿದ್ದ. ಒಮ್ಮೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ನಾನು ಎಂಜಿನ್ನಿನ ಕೂಗಿಗೆ ಹೆದರಿ ಬೇಲುಗಳ ಹಿಂದೆ ಅಡಗಿದೆ. ಅಣ್ಣ ಮಾತ್ರ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಅಲ್ಲಿ ಮೇಲೆ ಕೆಳಗೆ ಆಡುವ ಕಡ್ಡಿಗಳನ್ನು ಬಾಯಿ ಬಿಟ್ಟು ನೋಡುತ್ತಿದ್ದನಂತೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಮ್ಮ ಪಟ್ಟಿಯ ಊರುಗಳಿಗೆ ರೈಲು ಬರುತ್ತದೆ ಎಂಬ ಮಾತು ನಾವು ಹುಟ್ಟುವ ಮೊದಲೇ ಹುಟ್ಟಿ, ನಮ್ಮ ಜೊತೆಗೇ ಮುದಿಯಾಯಿತು. ಅಣ್ಣ ಆ ಮಾತನ್ನು ಕಾಯುವುದು ಬಿಟ್ಟು, ಇಳಿವಯಸ್ಸಿನಲ್ಲಿ ತನ್ನದೇ ಎಂಜಿನ್ನು ಕಟ್ಟಲು ಕೂತ. ತೊಟ್ಟಿಲಿನಷ್ಟು ಉದ್ದದ್ದು, ಆದರೆ ಆಟಿಕೆಯಲ್ಲ; ನೀರು ಕುದಿಸಿ ಉಗಿ ಮಾಡುವ ನಿಜವಾದ ಕೊಪ್ಪರಿಗೆ, ನಿಜವಾದ ಸಿಲಿಂಡರು, ಉಗಿ ತುಂಬಿದರೆ ಓಡಬೇಕಾದದ್ದು. ಓಣಿಯವರು ಅಂಗಡಿಯ ಮುಂದೆ ಹಾಯುವಾಗ ಕೆಣಕುತ್ತಿದ್ದರು: "ಸರಕಾರದ ರೈಲಿಗಿಂತ ಬೀರಪ್ಪನ ರೈಲ ಮೊದಲ ಬರತೈತಿ ನೋಡ್ರಿ." ವೈನಿ, ಎಂದರೆ ಅಣ್ಣನ ಹೆಂಡತಿ ಕಸ್ತೂರಿಬಾಯಿ, ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಸಂಜೆಗಳನ್ನೆಲ್ಲ ಅದೇ ಕಸಿದುಕೊಂಡಿತ್ತು, ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು.

ಚಕ್ರ, ಕೊಪ್ಪರಿಗೆ, ಸಿಲಿಂಡರು ಎಲ್ಲ ಮುಗಿದು ಕೊನೆಗೆ ಉಳಿದದ್ದು ವಾಲ್ವ್ ಗೇರು. ಹೆಸರು ಕೇಳಿ ಹೆದರಬೇಡಿ. ಅಣ್ಣ ಕುಡಚಿಯಲ್ಲಿ ಬಾಯಿ ಬಿಟ್ಟು ನೋಡಿದ ಆ ಕಡ್ಡಿಗಳೇ ಅವು. ಚಕ್ರ ಈಗ ಎಲ್ಲಿದೆ ಎಂಬ ಸುದ್ದಿಯನ್ನು ಒಂದು ಕಡ್ಡಿ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ದಾಟಿಸುತ್ತ ಹೋಗಿ ಸಿಲಿಂಡರಿನ ಬಾಗಿಲು ಕಾಯುವ ಕವಾಟಕ್ಕೆ ಮುಟ್ಟಿಸುತ್ತವೆ. ಸುದ್ದಿ ಬಂದ ಗಳಿಗೆಗೆ ಕವಾಟ ಸರಿದು ಉಗಿಯನ್ನು ಒಳಗೆ ಬಿಡುತ್ತದೆ. ನಡುವೆ ಬಾಳೆಹಣ್ಣಿನಂತೆ ಬಾಗಿದ, ಉದ್ದಕ್ಕೂ ಸೀಳಿದ ಒಂದು ಉಕ್ಕಿನ ತುಂಡು, ಲಿಂಕ್ ಎನ್ನುತ್ತಾರೆ. ಆ ಸೀಳಿನಲ್ಲಿ ಒಂದು ಪುಟ್ಟ ಉಕ್ಕಿನ ಗುಂಡಿ ಜಾರುತ್ತದೆ. ಗುಂಡಿ ಕೆಳಗಿದ್ದರೆ ಎಂಜಿನ್ನು ಮುಂದಕ್ಕೆ, ಮೇಲಿದ್ದರೆ ಹಿಂದಕ್ಕೆ. ಇಷ್ಟನ್ನು ಕಡೆದರೆ ಮುಗಿಯಿತು ಎಂದು ಅಣ್ಣ ಉಕ್ಕಿನ ಪಟ್ಟಿಯ ಮೇಲೆ ಗೆರೆ ಕೊರೆಯುತ್ತಿದ್ದ ಮಧ್ಯಾಹ್ನವೇ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು.

ಜಮಖಂಡಿಯ ಡಾಕ್ಟರರು ನನಗೆ ತಿಳಿಸಿ ಹೇಳಿದರು: ಕೈಗೆ ಏನೂ ಆಗಿಲ್ಲ, ಕೈ ಗಟ್ಟಿಮುಟ್ಟಾಗಿಯೇ ಇದೆ, ಮಿದುಳಿನ ಸುದ್ದಿ ಅಲ್ಲಿಗೆ ಮುಟ್ಟುತ್ತಿಲ್ಲ. ಇನ್ನೊಮ್ಮೆ ಹೊಡೆದರೆ ಉಳಿಯುವುದು ಕಷ್ಟ ಎಂದೂ ಹೇಳಿದರು. ನಾನು ಆ ಮಾತನ್ನು ವೈನಿಗೆ ಹೇಳಲಿಲ್ಲ. ಅವಳು ಆಗಲೇ ನನ್ನ ಮುಖದಲ್ಲಿ ಓದಿಕೊಂಡಿದ್ದಳು.

ಮಾತು ಹೋದರೂ ಅಣ್ಣ ಮೂಕನಾಗಲಿಲ್ಲ, ಅದು ಮಗ್ಗದ ಊರು ಅವನಿಗೆ ಕೊಟ್ಟ ಉಪಕಾರ. ಮಗ್ಗಗಳು ಓಡುವ ಶೆಡ್ಡಿನಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುವುದಿಲ್ಲವಾದ್ದರಿಂದ ಇಲ್ಲಿ ಎಲ್ಲರೂ ಕೈಯಿಂದಲೇ ಮಾತಾಡುತ್ತಾರೆ. ಮುಷ್ಟಿ ಕಟ್ಟಿದರೆ ಬಿಗಿಯಾಗಿದೆ ಎಂದು, ಬೆರಳಾಡಿಸಿದರೆ ಕುಣಿಯುತ್ತಿದೆ ಎಂದು, ಅಂಗೈ ಬಿಚ್ಚಿ ಮುಂದೆ ಚಾಚಿದರೆ ಚಾಲೂ ಮಾಡು ಎಂದು. ಅಣ್ಣ ಈ ಭಾಷೆಯನ್ನೆಲ್ಲ ಬಲಗೈಯಿಂದ ಎಡಗೈಗೆ ವರ್ಗಾಯಿಸಿಕೊಂಡ. ಆಸ್ಪತ್ರೆಯಿಂದ ಬಂದು ಕುರ್ಚಿಯಲ್ಲಿ ಕೂರುವಂತಾದೊಡನೆ ಎಡಗೈಯನ್ನು ಎಂಜಿನ್ನಿನ ಕಡೆ ತೋರಿಸಿ, ನನ್ನ ಕಡೆ ತೋರಿಸಿ, ಅಂಗೈ ಬಿಚ್ಚಿ ಚಾಚಿದ.

"ಮುಗಸು ಅಂತಾರ್ರಿ," ಎಂದಳು ವೈನಿ ಬಾಗಿಲಲ್ಲಿ ನಿಂತು. ಅವಳ ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ಮುಗಸರಿ. ಅದು ಓಡೂದೊಂದ ನೋಡಬೇಕಂತ ಜೀವಾ ಹಿಡದಾರ."

ಹೀಗೆ, ಸ್ನೇಹಿತರೆ, ಅಣ್ಣ ಬದುಕಿರುವಾಗಲೇ ಅದು ಓಡಬೇಕು ಎಂಬ ಒಂದು ಹೊರೆ ನನ್ನ ತಲೆಗೆ ಬಂತು. ಅವನ ಕುರ್ಚಿಯನ್ನು ಲೇತಿನ ಪಕ್ಕಕ್ಕೆ ತಂದು ನಾನು ಕೆಲಸ ಹಿಡಿದೆ. ಲಿಂಕಿನ ಬಾಗಿದ ಸೀಳನ್ನು ಕೊರೆಯುವುದೇ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಲೇತು ನೇರವನ್ನೂ ದುಂಡನ್ನೂ ಬಲ್ಲದೇ ಹೊರತು ಅರೆಬರೆ ಬಾಗನ್ನು ಅರಿಯದು. ಉದ್ದನೆಯ ಪಟ್ಟಿಯೊಂದರ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಉಕ್ಕಿನ ತುಂಡನ್ನು ಬಿಗಿದು, ಗಡಿಯಾರದ ಲೋಲಕದಂತೆ ಅದನ್ನು ಅತ್ತಿತ್ತ ತೂಗುತ್ತ ತಿರುಗುವ ಕಟರಿನ ಬಾಯಿಗೆ ಕೂದಲೆಳೆಯಷ್ಟೇ ಕೊಡುತ್ತ ಹೋಗಬೇಕು. ಬಿಳಿ ಚೂರುಗಳು ಉದುರುತ್ತಿದ್ದವು, ಎಣ್ಣೆಯ ಹೊಗೆ ಏಳುತ್ತಿತ್ತು, ನಾನು ಅವಸರ ಮಾಡಿದೆನೆಂದರೆ ಪಕ್ಕದಿಂದ ಎಡಗೈ ಎದ್ದು ಗಾಳಿಯನ್ನು ಒತ್ತಿ ಹಿಡಿಯುತ್ತಿತ್ತು, ಮೆಲ್ಲಗೆ ಎಂದು. ಸೀಳು ಮುಗಿದು ಗುಂಡಿ ಅದರೊಳಗೆ ಜಾರಿದಾಗ ನನಗೆ ಕಣ್ಣು ತುಂಬಿ ಬಂತು. ಆಮೇಲಿನದು ಸುಲಭ, ಕಡ್ಡಿಗಳಿಗೆ ತೂತು, ತೂತಿಗೆ ಪಿನ್ನು. ಜನ್ಮವಿಡೀ ಮಾಡಿದ ಕೆಲಸವಲ್ಲವೇ ಎಂದು ಧೈರ್ಯದಿಂದ ಮಾಡಿ ಮುಗಿಸಿದೆ. ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಹಿಂದೆ ಆಗಿರಲಿಲ್ಲ.

ಕೊಪ್ಪರಿಗೆಗೆ ಬೆಂಕಿ ಹಾಕುವ ಮೊದಲು ಅಂಗಡಿಯ ಕಂಪ್ರೆಸರಿನ ಗಾಳಿಯಿಂದ ಓಡಿಸಿ ನೋಡುವುದು ಕ್ರಮ. ಎಂಜಿನ್ನನ್ನು ಎರಡು ಮರದ ದಿಮ್ಮಿಗಳ ಮೇಲೆ ಎತ್ತಿ, ಚಕ್ರಗಳು ನೆಲ ಮುಟ್ಟದಂತೆ ಇಟ್ಟು, ಪೈಪು ಜೋಡಿಸಿ ಗಾಳಿ ಬಿಟ್ಟೆ. ಅದು ಒಮ್ಮೆ ನಡುಗಿತು. ಚಕ್ರ ಅರ್ಧ ಸುತ್ತು ಮುಂದೆ ಹೋಗಿ, ಯಾಕೋ ಮನಸ್ಸು ಬದಲಿಸಿದಂತೆ ಹಿಂದೆ ಬಂದು, ಮತ್ತೆ ಮುಂದೆ ಹೋಗಲು ನೋಡಿ ನಿಂತುಬಿಟ್ಟಿತು. ಎಷ್ಟು ಗಾಳಿ ಕೊಟ್ಟರೂ ಅಷ್ಟೇ. ಅಣ್ಣ ಗಾಳಿ ನಿಲ್ಲಿಸಲು ಸನ್ನೆ ಮಾಡಿ, ಎಡಗೈ ಚಾಚಿ, ಒಂದು ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಟಕ್ ಎಂದಿತು. ಮುಂದಿನದು, ಅದೂ ಟಕ್ ಎಂದಿತು. ಪ್ರತಿ ಕೀಲಿನಲ್ಲೂ ಮಗ್ಗಕ್ಕೆ ಬಿಡುವಷ್ಟೇ ಜಾಗ, ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹತ್ತಿಯ ಒಂದು ಎಳೆಯೂ ಹೋಗಬೇಕಿಲ್ಲದ ಯಂತ್ರದ ತುಂಬ ಹತ್ತಿಗೆಂದು ನಾನು ಜಾಗ ಕಾಯ್ದಿರಿಸಿದ್ದೆ. ಅಣ್ಣ ನನ್ನನ್ನು ಬಯ್ಯಬಹುದಿತ್ತು. ಅವನು ಎಡಗೈಯಿಂದ ತನ್ನ ಹಣೆಯನ್ನೇ ಹೊಡೆದುಕೊಂಡ. ಕಲಿಸಿದವನು ತಾನೇ ಎಂಬುದು ಅವನಿಗೆ ನೆನಪಿತ್ತು. ಸೊಟ್ಟ ಬಾಯಿಯಲ್ಲಿ ಒಂದು ನಗು ಬಂದು, ಅದು ಮುಗಿಯುವುದರೊಳಗೆ ಅಳುವಾಯಿತು. ಲಕ್ವ ಹೊಡೆದವರಿಗೆ ಹಾಗಾಗುತ್ತದೆ ಎನ್ನುತ್ತಾರೆ, ನನಗೆ ಹಾಗೆ ಅನ್ನಿಸಲಿಲ್ಲ.

ಆ ದಿನಗಳಲ್ಲಿ ನಾನು ಸಡಿಲಿನ ಬಗ್ಗೆ ಬಹಳ ಯೋಚಿಸಿದೆ. ಒಂದು ಕೀಲು ಒಂದಿಷ್ಟು ಕ್ಷಮಿಸಿದರೆ ಏನೂ ಆಗುವುದಿಲ್ಲ. ಆದರೆ ಸಾಲಾಗಿ ನಿಂತ ಎಲ್ಲ ಕೀಲುಗಳೂ ಒಂದಿಷ್ಟು ಕ್ಷಮಿಸಿದರೆ, ಚಕ್ರ ಹೇಳಿದ್ದು ಕವಾಟಕ್ಕೆ ಮುಟ್ಟುವುದೇ ಇಲ್ಲ. ಮೊದಲ ಕಡ್ಡಿ ಅಲುಗಿದ್ದು ಎರಡನೆಯದರ ಜಾಗದಲ್ಲಿ ಕರಗಿ, ಎರಡನೆಯದು ಅಲುಗಿದ್ದು ಮೂರನೆಯದರಲ್ಲಿ ಕರಗಿ, ಕೊನೆಗೆ ಬಾಗಿಲ ಬಳಿ ಯಾರೂ ಬಂದಂತೆ ಇರುವುದಿಲ್ಲ. ಡಾಕ್ಟರರ ಮಾತು ನನಗೆ ಆಗ ತಿಳಿಯಿತು. ಅಣ್ಣನ ಒಳಗೆ ಎಲ್ಲವೂ ಇತ್ತು, ಕುಡಚಿಯ ಎಂಜಿನ್ನಿತ್ತು, ನನ್ನ ಹೆಸರಿತ್ತು, ಹೆಂಡತಿಗೆ ಹೇಳಬೇಕೆಂದು ಜನ್ಮವಿಡೀ ಮುಂದೂಡಿದ ಮಾತುಗಳಿದ್ದವು. ಅವು ಹೊರಡಬೇಕಾದಲ್ಲಿಂದ ಹೊರಡುತ್ತಿದ್ದವು, ಕೈಗೆ, ನಾಲಗೆಗೆ ಬರುವ ಹಾದಿಯಲ್ಲೆಲ್ಲೋ ಕರಗುತ್ತಿದ್ದವು. ಮನುಷ್ಯನನ್ನು ಮಾಡಿದವನೂ ನಮ್ಮಂಥ ಮಗ್ಗದ ಮಿಸ್ತ್ರಿಯೇ ಇರಬೇಕು ಎಂದು ಒಮ್ಮೆ ಸಿಟ್ಟಿನಿಂದ ಅಂದುಕೊಂಡೆ. ಆಮೇಲೆ ಬೀರೇಶ್ವರನಿಗೆ ಕೈ ಮುಗಿದೆ.

ಮತ್ತೆ ಪಿನ್ನು ಕಡೆಯಲು ಕೂತೆ. ಮನಸ್ಸು ಬಿಗಿ ಎಂದರೂ ಕೈ ಒಪ್ಪುತ್ತಿರಲಿಲ್ಲ. ಲೇತಿನ ಹಿಡಿಕೆ ತಿರುಗಿಸುವಾಗ ಕೊನೆಯ ಗಳಿಗೆಯಲ್ಲಿ ಬೆರಳುಗಳು ತಾವಾಗಿ ಒಂದಿಷ್ಟು ಮುಂದೆ ಹೋಗಿ, ಇನ್ನಷ್ಟು ಲೋಹವನ್ನು ತೆಗೆದುಬಿಡುತ್ತಿದ್ದವು. ಎಷ್ಟು ಪಿನ್ನು ಹಾಳಾದವೋ ಲೆಕ್ಕವಿಟ್ಟಿಲ್ಲ. ಕೊನೆಗೆ ಒಂದು ಉಪಾಯ ಹೂಡಿದೆ: ಬೇಕಾದದ್ದಕ್ಕಿಂತ ದಪ್ಪವಾಗಿಯೇ ಕಡೆದು ನಿಲ್ಲಿಸುವುದು, ಉಳಿದದ್ದನ್ನು ನುಣ್ಣನೆಯ ಪಾಲಿಶ್ ಕಾಗದದಿಂದ ಉಜ್ಜಿ ಉಜ್ಜಿ ಇಳಿಸುವುದು. ಪ್ರತಿ ಪಿನ್ನನ್ನೂ ಅಣ್ಣನ ಎಡಗೈಗೆ ಕೊಡುತ್ತಿದ್ದೆ. ಅವನು ತೂತಿನಲ್ಲಿಟ್ಟು ಒತ್ತಿ, ಹೆಬ್ಬೆರಳು ಕೆಂಪಾಗುವಷ್ಟು ಬಲ ಬೇಕಾದರೆ ಮಾತ್ರ ತಲೆಯಾಡಿಸುತ್ತಿದ್ದ. ಆಮೇಲೆ ಅದನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವುದು. ಹೀಗೆ ಮಳೆಗಾಲ ಕಳೆದು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಇಳಿಯುವ ಹೊತ್ತಿಗೆ ಎಲ್ಲ ಕೀಲುಗಳೂ ಕೂಡಿದವು. ಈಗ ಚಕ್ರ ಅಲುಗಲೂ ಇಲ್ಲ.

ಅದೂ ಕ್ರಮವೇ. ಬಿಗಿಯಾಗಿ ಕೂಡಿಸಿದ ಯಂತ್ರವನ್ನು ಕೈಯಿಂದ ತಿರುಗಿಸಿ ತಿರುಗಿಸಿ ಪಳಗಿಸಬೇಕು. ಪಿನ್ನೂ ತೂತೂ ಒಂದನ್ನೊಂದು ಉಜ್ಜಿ, ತಮತಮಗೆ ಎಷ್ಟು ಬೇಕೋ ಅಷ್ಟೇ ಜಾಗ ಮಾಡಿಕೊಳ್ಳುವವರೆಗೆ. ನಾನು ಚಕ್ರಕ್ಕೆ ಕೈ ಹಾಕಿದೆ. ಅಣ್ಣ ನನ್ನ ಕೈಯನ್ನು ತಳ್ಳಿ ತನ್ನ ಎಡಗೈ ಇಟ್ಟ.

ಎಂಜಿನ್ನು ಅಂಗಡಿಯಿಂದ ಮನೆಗೆ ಬಂತು. ಪಡಸಾಲೆಯಲ್ಲಿ ಅಣ್ಣನ ಕುರ್ಚಿಯ ಮುಂದೆ ಮೇಜು, ಮೇಜಿನ ಮೇಲೆ ಅದೇ ದಿಮ್ಮಿಗಳು, ದಿಮ್ಮಿಗಳ ಮೇಲೆ ಅದು. ಬೆಳಗ್ಗೆ ಚಹಾ ಮುಗಿದರೆ ತಿರುಗಿಸಲು ಶುರು, ಊಟದ ತನಕ, ಊಟವಾದ ಮೇಲೆ ಮತ್ತೆ. ಸವತಿಯನ್ನು ಮನೆಯೊಳಗೇ ತಂದಿಟ್ಟಿರೆಂದು ವೈನಿ ಗೊಣಗಿದಳು. ಆದರೆ ಕೀಲುಗಳಿಗೆ ಎಣ್ಣೆಯ ಹನಿ ಬಿಡುವುದನ್ನು ಕೆಲವೇ ದಿನಗಳಲ್ಲಿ ಅವಳೇ ಕಲಿತಳು, ಗಂಡನ ಕಪ್ಪಾದ ಬೆರಳುಗಳನ್ನು ಸಂಜೆ ಸೀಗೆಪುಡಿ ಹಚ್ಚಿ ಅವಳೇ ತಿಕ್ಕಿ ತೊಳೆಯುತ್ತಿದ್ದಳು. ಮೊದಲು ಗರಗರ ಎನ್ನುತ್ತಿದ್ದ ಚಕ್ರ ಬರಬರುತ್ತ ಮೆತ್ತಗಾಯಿತು. ಅಂಗಡಿ ಮುಚ್ಚಿ ಬರುವಾಗ ನಾನು ದಿನಾಲೂ ಕೇಳುತ್ತಿದ್ದೆ, "ಗಾಳಿ ಕೊಡೂಣೇನೋ ಅಣ್ಣಾ?" ಅವನು ಮುಷ್ಟಿ ಕಟ್ಟಿ ತೋರಿಸುತ್ತಿದ್ದ, ಇನ್ನೂ ಬಿಗಿ. ನನಗೆ ಒಳಗೊಳಗೇ ಭಯ. ಆಗಲೇ ಓಡುವಷ್ಟು ಸಲೀಸಾಗಿದೆ, ಒಮ್ಮೆ ನೋಡಿಬಿಡಲಿ ಎಂದು ನನ್ನ ಆಸೆ. ಆದರೆ ಅವನಿಗೆ ಸರಿ ಎನಿಸದ ಕೆಲಸವನ್ನು ಅವನ ಮುಂದೆ ಓಡಿಸುವ ಎದೆ ನನಗಿರಲಿಲ್ಲ.

ಒಂದು ಸಂಜೆ ನಾನು ಕೇಳುವ ಮೊದಲೇ ಅವನು ಅಂಗೈ ಬಿಚ್ಚಿ ಮುಂದೆ ಚಾಚಿದ.

ಕರೆಂಟು ಇರಲಿಲ್ಲ. ಓಣಿಯ ಮಗ್ಗಗಳೆಲ್ಲ ನಿಂತು, ನೇಕಾರರು ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. "ನಾಳಿ ಮುಂಜಾನಿ ಕರೆಂಟ್ ಬಂದಕೂಡ್ಲೇ ಕೊಡೂಣ ಅಣ್ಣಾ, ಕಂಪ್ರೆಸರ್ ಇಲ್ಲೇ ತರತೇನಿ," ಎಂದೆ. ಅವನು ತಲೆಯಾಡಿಸಿದ. ಕೈ ಮಾತ್ರ ಸ್ವಲ್ಪ ಹೊತ್ತು ಹಾಗೆಯೇ ಬಿಚ್ಚಿಕೊಂಡಿತ್ತು. ಬೆಳಗಾಗುವುದರೊಳಗೆ ಎರಡನೆಯ ಸಲ ಹೊಡೆದು, ವೈನಿ ನನ್ನನ್ನು ಕರೆಯಲು ಕಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ಕರೆಂಟಿತ್ತು. ಆದರೂ ಅಣ್ಣನನ್ನು ಮಣ್ಣಿಗೆ ಒಯ್ಯುವವರೆಗೆ ಓಣಿಯಲ್ಲಿ ಒಂದು ಮಗ್ಗವನ್ನೂ ಯಾರೂ ಚಾಲೂ ಮಾಡಲಿಲ್ಲ, ಅದು ನಮ್ಮಲ್ಲಿ ಹೋದವರಿಗೆ ಕೊಡುವ ಮರ್ಯಾದೆ. ಅಷ್ಟು ಹೊತ್ತಿನ ಮೌನವನ್ನು ನನ್ನ ಕಿವಿ ತಡೆಯಲಿಲ್ಲ.

ಸೂತಕದ ದಿನಗಳೆಲ್ಲ ಮುಗಿದು, ನೆಂಟರು ಹೋಗಿ, ಮನೆ ಬರಿದಾಯಿತು. ಎಂಜಿನ್ನಿನ ಮೇಲೆ ವೈನಿ ಒಂದು ಹಳೆಯ ಪಂಜೆ ಹೊದಿಸಿದ್ದಳು. ನಾನು ಅದರ ಸುದ್ದಿಗೇ ಹೋಗಲಿಲ್ಲ. ಒಂದು ದಿನ ಅವಳೇ ಪಂಜೆ ಸರಿಸಿ, ಚಕ್ರದ ಅಂಚಿನಲ್ಲಿ ಎದ್ದ ಕಂದು ಕಲೆಯನ್ನು ಉಗುರಿನಿಂದ ಕೆರೆದು ನನಗೆ ತೋರಿಸಿದಳು.

"ಯಾಕ ಓಡಸವಲ್ರಿ?"

ನಾನು ನಿಜ ಹೇಳಿದೆ. ಈ ಕೀಲುಗಳು ಈಗ ಸರಿಯಾಗಿ ಕೂತಿವೆ, ಅದು ಅಣ್ಣನ ಎಡಗೈ ತಿಂಗಳುಗಟ್ಟಲೆ ತಿರುಗಿಸಿ ಕೂರಿಸಿದ್ದು. ಓಡಿಸಿದರೆ ಸವೆಯುತ್ತವೆ. ಒಂದೊಂದು ಸುತ್ತಿಗೂ ಅವನು ಮಾಡಿದ್ದು ಒಂದಿಷ್ಟು ಹೋಗುತ್ತದೆ. ಅವನ ಕೈ ಈ ಲೋಕದಲ್ಲಿ ಉಳಿದಿರುವುದು ಅಲ್ಲಿ ಮಾತ್ರ, ಅದನ್ನು ನಾನು ಹೇಗೆ ಸವೆಸಲಿ?

ವೈನಿ ಪಂಜೆಯನ್ನು ಮಡಚಿ ಕುರ್ಚಿಯ ಮೇಲಿಟ್ಟಳು. ಆಮೇಲೆ ಅಂದಳು: "ಓಡಸ್ರಿ. ಕುಂತಲ್ಲೇ ತುಕ್ಕ ಹಿಡಿಯೂದನ್ನ ಒಂದ ಸಲ ನೋಡೇನಿ. ಇನ್ನೊಮ್ಮೆ ನೋಡೂದ ನನ್ನ ಕಡಿಂದ ಆಗೂದಿಲ್ಲ."

ಕಂಪ್ರೆಸರನ್ನು ಅಂಗಡಿಯಿಂದ ಎಳೆದು ತಂದೆ. ಅವಳು ಪ್ರತಿ ಕೀಲಿಗೂ ಎಣ್ಣೆ ಬಿಟ್ಟಳು, ಒಂದನ್ನೂ ಮರೆಯಲಿಲ್ಲ. ನಾನು ಗಾಳಿ ತೆರೆದೆ. ಎಂಜಿನ್ನು ಒಮ್ಮೆ ಉಸಿರು ಬಿಟ್ಟು, ಏನೂ ಆಗಿಲ್ಲವೆಂಬಂತೆ ಓಡತೊಡಗಿತು. ದಿಕ್ಕು ಬದಲಿಸುವ ಲೀವರನ್ನು ಹಿಂದೆ ಎಳೆದೆ. ಲಿಂಕಿನೊಳಗೆ ಗುಂಡಿ ಏರಿ, ಚಕ್ರಗಳು ನಿಧಾನವಾಗಿ, ನಿಂತು, ಹಿಂದಕ್ಕೆ ತಿರುಗಿದವು. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಂತಿದ್ದಳು. ನಾನು ಬಗ್ಗಿ ಒಂದೊಂದು ಕೀಲಿಗೂ ಕಿವಿಗೊಟ್ಟೆ. ನನ್ನ ಕೆಲಸದಲ್ಲಿ ತಪ್ಪು ಸಿಗಲೆಂದು ನಾನು ಜನ್ಮದಲ್ಲಿ ಬಯಸಿದವನಲ್ಲ, ಆಗ ಬಯಸಿದೆ. ಒಂದೇ ಒಂದು ಪಿನ್ನು ಟಕ್ ಎಂದಿದ್ದರೂ ಸಾಕಿತ್ತು, ಬಿಚ್ಚಬಹುದಿತ್ತು, ಮತ್ತೆ ಕಡೆಯಬಹುದಿತ್ತು, ಇನ್ನೊಂದು ಮಳೆಗಾಲ ಅಣ್ಣನ ಕೆಲಸ ಬಾಕಿಯಿದೆ ಎಂದುಕೊಂಡು ಕಳೆಯಬಹುದಿತ್ತು. ಯಾವುದೂ ಸದ್ದು ಮಾಡಲಿಲ್ಲ. ಎಲ್ಲ ಕೀಲುಗಳೂ ಸರಿಯಾಗಿದ್ದವು, ಇನ್ನು ಮಾಡುವುದು ಏನೂ ಉಳಿದಿರಲಿಲ್ಲ.